ದೋಣಿಮನೆಯ ಫುಸಿ

ಆಸ್ಟ್ರೇಲಿಯಾದ ಮರ್ರೆ ನದಿಯ ತೆಂಕಣ ದಡದ ವಿರಾಂಗಾ ವಿಕ್ಟೋರಿಯಾ ರಾಜ್ಯಕ್ಕೆ ಸೇರಿದ್ದು. ಬಡಗಣ ದಡದ ಕೂಲ್ಟನ್ ನ್ಯೂ ಸೌತ್ ವೇಲ್ಸಿಗೆ. ಜನಗಣತಿಯವರು ಎರಡನ್ನೂ ಸೇರಿಸಿ ಒಂದೇ ಊರೆಂದು ಎಣಿಸುತ್ತಾರೆ. ಊರಿನವರು ಒಪ್ಪಬೇಕಲ್ಲ! ದ್ರಾಕ್ಷಿ ಕೊಯ್ಯಲು ತೋಂಗಾ ದ್ವೀಪಗಳಿಂದ ಬಂದವರೆಲ್ಲ ವಿರಾಂಗಾದಲ್ಲಿ ನೆಲೆಸಿದರು, ತೋಟದ ಇಟಲಿಯವರು ಕೂಲ್ಟನ್ನಿನಲ್ಲಿ. ನಡುವೆ ಒಂದು ಸೇತುವೆ, ಮುಗಿಯದ ಕೀಟಲೆ.

ಫುಸಿ ಹರೆಯದಲ್ಲೇ ತೋಂಗಾ ಬಿಟ್ಟು ಬಂದವಳು. ಅವಳು ನಕ್ಕರೆ ಹಣ್ಣು ತುಂಬುವ ಶೆಡ್ಡಿನ ತಗಡು ಅದುರುತ್ತಿತ್ತು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ದುಡಿದು ಮಕ್ಕಳನ್ನು ದಡ ಸೇರಿಸಿದಳು. ಅರವತ್ತು ದಾಟಿದ ಮೇಲೆ, ಯಾರೂ ಎಣಿಸದ ಹೊತ್ತಿನಲ್ಲಿ, ಕೂಲ್ಟನ್ನಿನ ತೋಟದ ವಿಧುರ ಕಾರ್ಮೆಲೊನನ್ನು ಮದುವೆಯಾದಳು.

ಶುರುವಾಯಿತು ಜಗಳ. "ನಮ್ಮ ಫುಸಿ ಆಚೆ ಹೋದ್ರೆ ಚರ್ಚಲ್ಲಿ ಹಾಡೋರ್ಯಾರು?" ಎಂದರು ತೋಂಗಾದವರು. "ಕಾರ್ಮೆಲೊ ಈಚೆ ಬಿಟ್ರೆ ಸಾಸೇಜು ಕಟ್ಟೋರ್ಯಾರು?" ಎಂದರು ಇಟಲಿಯವರು. ಗಂಡ ಹೆಂಡತಿ ತಲೆ ಕೆಡಿಸಿಕೊಳ್ಳದೆ ಹಳೆಯ ದೋಣಿಮನೆಯೊಂದನ್ನು ಕೊಂಡು ನದಿಯಲ್ಲೇ ಸಂಸಾರ ಹೂಡಿದರು. ಬೇಕೆನಿಸಿದಾಗ ಆ ದಡ, ಬೇಸರವಾದಾಗ ಈ ದಡ.

ಆಗಸ್ಟಿನಲ್ಲಿ ಜನಗಣತಿ ಬಂತು. ಅದೇ ವಾರ ದುರಸ್ತಿಗೆಂದು ಊರಿನಿಂದ ಕೆಳಗಿರುವ ಅಣೆಕಟ್ಟಿನ ಬಾಗಿಲು ತೆಗೆದದ್ದರಿಂದ ನೀರು ಇಳಿದು, ದೋಣಿ ವಿರಾಂಗಾದ ಕೆಸರಿನಲ್ಲಿ ಸೊಟ್ಟಗೆ ಕೂತುಬಿಟ್ಟಿತು. ಒಲೆಯ ಮೇಲಿನ ಪಾತ್ರೆ ಒಂದು ಕಡೆಗೆ ಜಾರಿದರೆ ಕಾರ್ಮೆಲೊ ಅದರ ಹಿಂದೆ ಜಾರುತ್ತಿದ್ದ.

"ಹಿಡಿಯೋ ಮುದುಕಾ, ಲು ಚೆಲ್ಲೋಗತ್ತೆ!" ಫುಸಿ ನಗುತ್ತ ನಗುತ್ತ ನೆಲಕ್ಕೆ ಕುಸಿದಳು. ಲು ಅಂದರೆ ಕೆಸುವಿನೆಲೆಯಲ್ಲಿ ಸುತ್ತಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಮಾಂಸ.

ಗಣತಿಯ ಹುಡುಗಿ ಲಿಯೆನ್ ದಡದಿಂದ ಹಾಕಿದ್ದ ಹಲಗೆಯ ಮೇಲೆ ಬ್ಯಾಲೆನ್ಸ್ ಮಾಡುತ್ತ ಒಳಗೆ ಬಂದಳು. ಊರಿನ ವಿಯೆಟ್ನಾಮಿ ಬೇಕರಿಯವರ ಮಗಳು.

"ಆಂಟಿ, ಊರು ಒಂದೇ ಆದ್ರೂ ರಾಜ್ಯ ಬೇರೆ. ನಿಮ್ಮನ್ನ ಯಾವ ಕಡೆ ಬರ್ಕೊಳ್ಳಲಿ?"

"ಕಣ್ಣು ಕಾಣಲ್ವಾ? ದೋಣಿ ವಿರಾಂಗಾದಲ್ಲಿ ಕೂತಿದೆ!"

"ನದಿಯೆಲ್ಲ ಕೂಲ್ಟನ್‌ ಕಡೇದೇ ಅಂತೆ, ಆಂಟಿ. ಈ ಕೆಸರೂ ಅವರದೇ."

ಕಾರ್ಮೆಲೊ ಕುಣಿದುಬಿಟ್ಟ. "ಗೆದ್ದೆ! ನನ್ನ ರಾಣಿ ನಮ್ಮೂರೋಳು!"

ದಡದಲ್ಲಿ ನಿಂತು ಕೇಳುತ್ತಿದ್ದ ಚರ್ಚಿನ ಹಾಡುಗಾರರಿಗೆ ರೇಗಿತು. "ಎಳೀರೋ, ಮೇಲಕ್ಕೆಳೀರಿ! ದಡಕ್ಕೆ ಹಾಕಿದ್ರೆ ನಮ್ಮೋಳೇ!" ಎಂದು ದೋಣಿಯ ಹಗ್ಗಕ್ಕೆ ಜೋತುಬಿದ್ದರು. ಸುದ್ದಿ ಹಬ್ಬಿ ಇಟಲಿಯವರು ಸೇತುವೆ ದಾಟಿ ಓಡಿ ಬಂದರು; ಮೊಣಕಾಲಿನ ತನಕ ಕೆಸರಿಗಿಳಿದು ನೀರಿನ ಕಡೆಗೆ ಎಳೆದರು. ಯಾರೋ ಜಾರಿ ಬಿದ್ದ, ಅವನನ್ನು ಎತ್ತಲು ಹೋದವನು ಅವನ ಮೇಲೆ ಬಿದ್ದ. ತೋಂಗಾದ ಪಾದ್ರಿ ತಮ್ಮ ಪದ್ಧತಿಯಂತೆ ಸೊಂಟಕ್ಕೆ ಸುತ್ತಿದ್ದ ಚಾಪೆ ಕೆಸರಲ್ಲಿ ಉಳಿಯಿತು. ನಗು ತಡೆಯಲಾರದೆ ಹಾಡುಗಾರರ ಕೈಯಿಂದ ಹಗ್ಗ ಜಾರಿತು.

ದೋಣಿ 'ಪ್ಳಕ್' ಎಂದು ಕೆಸರು ಬಿಟ್ಟು ತೇಲಿ, ಲಿಯೆನ್ನಳನ್ನೂ ಹೊತ್ತುಕೊಂಡೇ ನಡುನೀರಿಗೆ ಹೋಯಿತು.

"ಅಯ್ಯೋ, ನಾನಿನ್ನೂ ಇಡೀ ಬೀದಿ ಮುಗಿಸ್ಬೇಕು!"

"ಬೀದಿಯೋರೆಲ್ಲ ಕೆಸರಲ್ಲಿದಾರೆ ಕಣೇ! ನೀನು ಕೂತ್ಕೋ, ಊಟ ಮಾಡು," ಎಂದಳು ಫುಸಿ.

ಕಾರ್ಮೆಲೊ ಚಾಲೂ ಮಾಡಲು ನೋಡಿದ ಎಂಜಿನ್ ಕೆಮ್ಮಿ ಸುಮ್ಮನಾಯಿತು. ಅವನು ವೈನಿನ ಸೀಸೆ ತೆಗೆದ. ಮಣ್ಣು ಮೆತ್ತಿಕೊಂಡ ಎರಡೂ ಊರಿನವರು ದಡದಲ್ಲಿ ಒಟ್ಟಿಗೇ ಕೂತು, ಮುಖದಿಂದ ಯಾರು ಯಾರೆಂದು ಗುರುತು ಸಿಗದೆ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಫುಸಿ ಅವರ ಕಡೆ ಎರಡೂ ಕೈ ಬೀಸಿದಳು. ಎದೆಯಲ್ಲಿ ಉಕ್ಕಿದ ಖುಷಿಗೆ ಕಾಲು ನಿಲ್ಲದೆ ದೋಣಿಯ ಹಲಗೆನೆಲದ ಮೇಲೆ ತೋಂಗಾದ ಕುಣಿತವನ್ನೇ ಕುಣಿದಳು. ದೋಣಿ ಓಲಾಡಿತು.

ಲಿಯೆನ್ ತಟ್ಟೆಯನ್ನು ಎದೆಗೆ ಅವುಚಿಕೊಂಡು, "ಆಂಟಿ, ಇನ್ನೊಂಚೂರು ಲು ಹಾಕಿ," ಎಂದಳು.