ಕಾಮಾಲೆ ಹೋದ ಮೇಲೆ

ಲಾಡ್ಜಿನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆ. ಅಲ್ಲಿ ಎಲ್ಲರೂ ಅವಳನ್ನು ಚಾದರದಕ್ಕ ಎನ್ನುತ್ತಿದ್ದರು. ಯಂತ್ರದಿಂದ ಬಂದ ಚಾದರಗಳನ್ನು ಜೊತೆಗಾತಿಯೊಬ್ಬಳ ಎದುರು ನಿಂತು ಜಾಡಿಸಿ ಮಡಚುವುದು ಅವಳ ಕೆಲಸ. ಕೈಗೂ ಬಾಯಿಗೂ ಬಿಡುವಿಲ್ಲದ ಹೆಂಗಸು. ಈಚೆಗೆ ಮಾತ್ರ ನಾಲ್ಕು ಚಾದರ ಮಡಚುವಷ್ಟರಲ್ಲಿ ಏದುಸಿರು, ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. "ವಯಸ್ಸಾಯ್ತು ಕಣೆ," ಎಂದು ಮಾತು ತೇಲಿಸುತ್ತಿದ್ದಳು. ನಲವತ್ತೂ ತುಂಬಿರಲಿಲ್ಲ.

ಒಂದು ದಿನ ಸೆಕೆಗೆ ರವಿಕೆಯ ತೋಳು ಮೇಲಕ್ಕೆ ಮಡಚಿದಾಗ ನೀಲಿಗಟ್ಟಿದ ಕಲೆಗಳು ಜೊತೆಗಾತಿಯ ಕಣ್ಣಿಗೆ ಬಿದ್ದವು.

"ನಿಜ ಹೇಳು, ಮನೇಲಿ ಹೊಡೀತಾನಾ?"

"ನಮ್ಮನೆಯವರಾ? ಜಿರಳೆ ಕಂಡ್ರೆ ಮಂಚ ಹತ್ತೋರು ಅವರು!" ಎಂದು ನಕ್ಕಳು. ನಕ್ಕ ಬಾಯಿಯ ವಸಡಿನಿಂದ ರಕ್ತ ಜಿನುಗುತ್ತಿತ್ತು.

ಜೊತೆಗಾತಿ ನಂಬಲಿಲ್ಲ. ಸಂಜೆ ಮನೆಗೇ ನುಗ್ಗಿ ಗಂಡನನ್ನು ತರಾಟೆಗೆ ತೆಗೆದುಕೊಂಡಳು. ವ್ಯಾನ್ ಓಡಿಸಿ ಸುಸ್ತಾಗಿ ಬಂದಿದ್ದ ಆತ ಸಿಟ್ಟಾಗಲಿಲ್ಲ. "ನಾನು ಕೈ ಎತ್ತಿಲ್ಲಮ್ಮ. ಆಸ್ಪತ್ರೆಗೆ ನಡಿ ಅಂದ್ರೆ ಕೇಳಲ್ಲ. ನೀನಾದ್ರೂ ಹೇಳು." ಜೊತೆಗಾತಿ ತಲೆ ತಗ್ಗಿಸಿದಳು. ಮರುದಿನ ಇಬ್ಬರೂ ಸೇರಿ ಅವಳನ್ನು ಕರೆದೊಯ್ದರು.

ರಕ್ತ ತೆಗೆದರು. ಸೊಂಟದ ಮೂಳೆಗೆ ಸೂಜಿ ಚುಚ್ಚಿ ಮಜ್ಜೆಯನ್ನೂ ತೆಗೆದರು.

"ಮೂಳೆಯೊಳಗೆ ರಕ್ತ ತಯಾರಾಗೋ ಜಾಗ ಹೆಚ್ಚುಕಡಿಮೆ ಬರಿದಾಗಿದೆ," ಎಂದರು ಡಾಕ್ಟರಮ್ಮ. "ಅಪರೂಪದ ಕಾಯಿಲೆ. ಈಚೆಗೆ ಕಾಮಾಲೆ ಏನಾದ್ರೂ ಬಂದಿತ್ತಾ?"

"ಬಂದಿತ್ತು. ವಾಸಿ ಆಯ್ತಲ್ಲ," ಎಂದ ಗಂಡ.

"ಅದು ವಾಸಿ ಆಗಿದೆ. ಆದ್ರೆ ಸೋಂಕಿನ ಮೇಲೆ ಎದ್ದ ದೇಹದ ಕಾವಲು ಪಡೆ ಎಲ್ಲೋ ಕೆಲವರಲ್ಲಿ ಮತ್ತೆ ಸುಮ್ಮನಾಗಲ್ಲ. ಅವರದೇ ಮಜ್ಜೆ ಮೇಲೆ ತಿರುಗಿ ಬೀಳುತ್ತೆ. ನಿಮಗೇ ಯಾಕೆ ಹೀಗಾಯ್ತು ಅಂದ್ರೆ ನನಗೂ ಗೊತ್ತಿಲ್ಲ."

"ಪಥ್ಯ ಸರಿಯಾಗಿ ಮಾಡ್ಲಿಲ್ಲ ಅಂತ ನಮ್ಮತ್ತೆ ಅಂತಿದ್ರು..." ಎಂದಳು ಅವಳು.

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮ ತಪ್ಪೇನೂ ಇಲ್ಲಮ್ಮ."

ಅಷ್ಟು ಹೊತ್ತು ತಡೆದಿದ್ದವಳು ಆಗ ಅತ್ತಳು.

ಹೊಂದುವ ಮಜ್ಜೆ ಸಿಕ್ಕರೆ ಹಾಕಬಹುದು ಎಂದಾಗ ತಂಗಿ ಕೊಡಲು ಓಡಿ ಬಂದಳು, ಅವಳದು ಹೊಂದಲಿಲ್ಲ. ಬಿಕ್ಕಿದ ತಂಗಿಗೆ ಅಕ್ಕನೇ ಸಮಾಧಾನ ಹೇಳಬೇಕಾಯಿತು. "ಬಿಡೆ, ನಿನ್ನ ಚಪ್ಪಲೀನೂ ನನಗೆ ಯಾವತ್ತು ಹೊಂದಿದೆ?"

ದೇಹದ ಆ ಕಾವಲು ಪಡೆಯನ್ನು ಅಡಗಿಸುವ ಔಷಧಿ ಹನಿಹನಿಯಾಗಿ ನರಕ್ಕೆ ಇಳಿಯಿತು. ಯಾರ್ಯಾರದೋ ರಕ್ತವೂ ಇಳಿಯಿತು. ಬೇರೆ ಸೋಂಕು ತಗಲಬಾರದೆಂದು ಒಂಟಿ ಕೋಣೆ. ಗಂಡ ಗಾಜಿನಾಚೆ ನಿಂತು ಸನ್ನೆಯಲ್ಲೇ ಊಟ ಆಯ್ತಾ ಎಂದು ಕೇಳುತ್ತಿದ್ದ. ಆಗದಿದ್ದರೂ ಅವಳು ಆಯಿತೆಂದು ತಲೆಯಾಡಿಸುತ್ತಿದ್ದಳು. ಇಲ್ಲವೆಂದರೆ ಇನ್ನಷ್ಟು ಸನ್ನೆಗಳಿಗೆ ಉತ್ತರಿಸಬೇಕಲ್ಲ, ಅಷ್ಟೂ ತ್ರಾಣವಿರಲಿಲ್ಲ.

ತಿಂಗಳುಗಳು ಉರುಳಿದ ಮೇಲೆ ಮಜ್ಜೆ ಆಮೆ ನಡಿಗೆಯಲ್ಲಿ ಚೇತರಿಸಿಕೊಂಡಿತು. ಮನೆಗೆ ಬಂದಳು, ಬಹಳ ದಿನಗಳ ನಂತರ ಕೆಲಸಕ್ಕೂ ಹೋದಳು. ಈಗ ಕುಳಿತು ದಿಂಬಿನ ಚೀಲ ವಿಂಗಡಿಸುವುದಷ್ಟೇ ಅವಳ ಪಾಲು. ಮಾತ್ರೆ ತಪ್ಪಿಸುವಂತಿಲ್ಲ, ಆಗಾಗ ರಕ್ತಪರೀಕ್ಷೆ. ಕಾಯಿಲೆ ಮರಳಬಹುದೆಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

"ಪೂರ್ತಿ ಹುಷಾರಾದ್ಯಲ್ಲ?" ಎಂದು ಕಂಡವರು ಕೇಳುತ್ತಾರೆ.

"ಹೂಂ," ಎನ್ನುತ್ತಾಳೆ. ಎಲ್ಲರಿಗೂ ಬಿಡಿಸಿ ಹೇಳುತ್ತ ಕೂರಲು ಅವಳಿಗೆ ಸುಸ್ತು.