ತಾತ ಯಾರ ಪಾಲಿಗೆ

ದೊಡ್ಡಣ್ಣ ಫೋನ್ ಮಾಡಿ, "ಸೋಮವಾರ ಬಂದ್ಬುಡು ಕಣಮ್ಮಿ, ಪಾಲು ಮಾಡ್ಕತೀವಿ. ನೀನು ಒಂದು ಸೈನ್ ಹಾಕ್ಬುಟ್ಟು ಉಂಡ್ಕಂಡು ಹೋಗು" ಎಂದ. "ಸೀರೆ ತಂದಿವ್ನಿ, ರೇಷ್ಮೇದು" ಎಂದೂ ಸೇರಿಸಿದ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಮನೆಯಲ್ಲಿ ಹೆಸರುವಾಸಿ. ಆದರೂ ಅವತ್ತು ಬರಲಿಲ್ಲ. ಯಾವ ಬಣ್ಣದ್ದು ಎಂದಷ್ಟೇ ಕೇಳಿದೆ.

ನಮ್ಮ ಕಡೆ ಹೆಣ್ಣುಮಕ್ಕಳಿಗೂ ಪಾಲು ಎಂದು ಕಾನೂನು ಬಂದು ಎಷ್ಟೋ ವರ್ಷವಾಯಿತು. ಕಾನೂನು ಬಂದರೇನು, ಪಾಲು ಕೇಳಿದವಳಿಗೆ ತವರು ತಪ್ಪುತ್ತದೆ. ಅರಿಶಿನ ಕುಂಕುಮ, ಸೀರೆ ಈಸಿಕೊಂಡು "ನಂಗೇನೂ ಬ್ಯಾಡ" ಎಂದು ಬರೆದುಕೊಟ್ಟವಳಿಗೆ ವರ್ಷಾ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಬರುತ್ತದೆ. ನಾನು ಚನ್ನಪಟ್ಟಣದಲ್ಲಿ ಮೂವತ್ತು ವರ್ಷ ಮೇಷ್ಟರಗಿರಿ ಮಾಡಿ, ಮಕ್ಕಳಿಗೆಲ್ಲ ಹಕ್ಕು, ಸಮಾನತೆ ಎಂದು ಪಾಠ ಹೇಳಿ ನಿವೃತ್ತಳಾದವಳು. ಆದರೂ ಸಹಿ ಹಾಕಲು ತಯಾರಾಗಿಯೇ ಹೊರಟೆ. ನನಗೆ ಪಿಂಚಣಿ ಇದೆ, ಬಾಗಿನ ಬೇಕು. ರಾಮನಗರದಲ್ಲಿ ಇಳಿದು, ಕನಕಪುರದ ಬಸ್ಸು ಹಿಡಿದು, ಅಲ್ಲಿಂದ ಕೋಡಿಹಳ್ಳಿ ಬಸ್ಸು ಹತ್ತಿದಾಗಲೂ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಊರ ಹತ್ತಿರ ಬಸ್ಸಿನಿಂದ ಇಳಿದರೆ ಮೊದಲು ಕಾಣುವುದು ನಮ್ಮ ಹೊಲದ ಮೂಲೆ. ಅಲ್ಲಿ ಶೀಟು ಹೊದಿಸಿದ ಒಂದೇ ಕೋಣೆಯ ಮನೆ. ಅದರಲ್ಲಿ ತಾತ ಇದ್ದರು. ನಮಗೆ ರಕ್ತಸಂಬಂಧದ ತಾತ ಅಲ್ಲ. ನಮ್ಮ ತಾತನ ಕಾಲದಲ್ಲಿ ಜೀತಕ್ಕೆ ಬಂದವರು, ಮುಂದೆ ನಮ್ಮಪ್ಪನ ಆಳು. ನನ್ನ ಮಕ್ಕಳು ಅವರನ್ನು ತಾತ ಎಂದು ಕರೆದವು, ಆಮೇಲೆ ನಾನೂ ಹಾಗೇ ಕರೆದೆ. ಅದಕ್ಕೆ ಮುಂಚೆ ಹೇಗೆ ಕರೆಯುತ್ತಿದ್ದೆ ಎಂದು ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. ಆರು ವರ್ಷದ ನಾನು, ಮೀಸೆ ಬಂದ ಆ ಗಂಡಸನ್ನು "ಬಾರ್ಲಾ ಇಲ್ಲಿ" ಎನ್ನುತ್ತಿದ್ದೆ. ಅವರು "ಬಂದೆ ಅವ್ವಾರೆ" ಎಂದು ಓಡಿ ಬರುತ್ತಿದ್ದರು. ಹಳ್ಳದಲ್ಲಿ ನೀರು ಬಂದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ದಾಟಿಸುತ್ತಿದ್ದರು. ಅವರಿಗೆ ಹಿತ್ತಲಲ್ಲಿ ಬೇರೆ ತಟ್ಟೆ, ಬೇರೆ ಲೋಟ. ಅವರ ಹೆಗಲಿನ ಮೇಲೆ ಕೂತವಳು ಆ ಲೋಟ ಮುಟ್ಟಿದರೆ ಅಜ್ಜಿ ನನಗೆ ಸ್ನಾನ ಮಾಡಿಸುತ್ತಿದ್ದಳು.

ಒಂದು ಸಲ, ನಾನು ನಾಲ್ಕನೇ ಕ್ಲಾಸಿನಲ್ಲಿರಬೇಕು, ಊರಿಗೆ ಜೀಪು ಬಂತು. ಜೀತಕ್ಕಿರುವವರನ್ನು ಬಿಡಿಸುತ್ತಾರಂತೆ ಎಂದು ಗುಸುಗುಸು. ಅಧಿಕಾರಿಗಳು ನಮ್ಮ ಜಗಲಿಯ ಮೇಲೆ ಕೂತು ತಾತನನ್ನು ತೋರಿಸಿ, ಇವನು ಯಾರು ಎಂದರು. ನಮ್ಮಪ್ಪ ಕೊಂಚವೂ ತಡವರಿಸದೆ, "ಜೀತವೂ ಇಲ್ಲ ಏನೂ ಇಲ್ಲ ಸ್ವಾಮಿ, ಇವನು ನಮ್ಮನೆ ಮಗ ಇದ್ದಂಗೆ" ಎಂದ. ಒಳಗಿನಿಂದ ಅಮ್ಮ ಕಾಫಿ ಕಳಿಸಿದಳು. ತಾತನಿಗೂ ಅವತ್ತು ಸ್ಟೀಲ್ ಲೋಟದಲ್ಲೇ ಕಾಫಿ ಸಿಕ್ಕಿತು. ಜೀಪು ಹೋದ ಮೇಲೆ ಆ ಲೋಟ ಏನಾಯಿತೋ ನನಗೆ ನೆನಪಿಲ್ಲ. ಮಾರನೆಯ ಬೆಳಿಗ್ಗೆ ತಾತ ಎಂದಿನಂತೆ ಕೊಟ್ಟಿಗೆ ಗುಡಿಸುತ್ತಿದ್ದರು.

ಹೈಸ್ಕೂಲಿಗೆ ಹೋಗುವಾಗ ರಜಾ ದಿನಗಳಲ್ಲಿ ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಬಿಡಿಸಲು ತೋಟಕ್ಕೆ ಹೋಗುತ್ತಿದ್ದೆ. ಆಗ ಅವರು ಕತೆ ಹೇಳುತ್ತಿದ್ದರು. ನಮ್ಮಪ್ಪನ ಅಪ್ಪನ ಆಸ್ತಿ ಪಾಲಾದ ಕತೆ ಕೇಳಿದ್ದು ಹಾಗೆ. ನಮ್ಮಪ್ಪನಿಗೂ ದೊಡ್ಡಪ್ಪನಿಗೂ ಎರಡು ಪಾಲು. ದೊಡ್ಡಪ್ಪ ಹೆಂಡತಿಯ ಊರಿಗೆ, ಮಾಗಡಿ ಕಡೆಗೆ ಹೋಗುವವನು. ಹೊಲ, ಹಂಡೆ, ಗಾಡಿ, ಎತ್ತು ಎಲ್ಲ ಆದ ಮೇಲೆ ಉಳಿದದ್ದು ತಾತ ಮತ್ತು ತಾತನ ಅಣ್ಣ. ಇಬ್ಬರೂ ನಮ್ಮಲ್ಲೇ ಜೀತಕ್ಕಿದ್ದರು. ಅಣ್ಣನನ್ನು ದೊಡ್ಡಪ್ಪನ ಪಾಲಿಗೆ ಹಾಕಿದರು, ತಮ್ಮನನ್ನು ನಮ್ಮಪ್ಪನ ಪಾಲಿಗೆ.

"ಎತ್ತಿನ ಜೋಡಿ ಒಡೀಬಾರ್ದು, ಒಂಟಿ ಎತ್ತು ಮೇವು ಬುಡ್ತದೆ ಅಂತ ಎರಡನ್ನೂ ನಿಮ್ಮಪ್ಪಾಜಿಗೇ ಕೊಟ್ರು ಅವ್ವಾರೆ" ಎಂದು ಅವರು ನಕ್ಕರು. "ನಮ್ಮಿಬ್ರನ್ನ ಒಡುದ್ರು."

ನಾನು ಏನು ಮಾಡಿದೆ ಗೊತ್ತೇ? ಸೊಪ್ಪು ಬಿಡಿಸುತ್ತಾ, ನಾನೂ ನಕ್ಕುಬಿಟ್ಟೆ.

ಇರಲಿ. ಸೋಮವಾರಕ್ಕೆ ಬರುತ್ತೇನೆ. ಅಮ್ಮ ಮೊದಲೇ ಹೋಗಿದ್ದಳು, ಅಪ್ಪ ತೀರಿಕೊಂಡು ವರ್ಷದ ಎಡೆ ಮುಗಿದಿತ್ತು. ದೊಡ್ಡಣ್ಣ ಊರಲ್ಲೇ ರೇಷ್ಮೆ ಹುಳು ಸಾಕುತ್ತಾನೆ, ಚಿಕ್ಕಣ್ಣ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿದ್ದು ರಿಟೈರಾಗಿ ಅಲ್ಲೇ ಮನೆ ಮಾಡಿದ್ದಾನೆ. ಊರಿನ ಹಿರಿಯರೊಬ್ಬರನ್ನು ಕೂರಿಸಿಕೊಂಡಿದ್ದರು. ನಮ್ಮಲ್ಲಿ ದೊಡ್ಡವನು ಪಾಲು ಹಾಕಬೇಕು, ಚಿಕ್ಕವನು ಮೊದಲು ಎತ್ತಬೇಕು. ಯಾವುದು ತನಗೆ ಉಳಿಯುತ್ತದೋ ಗೊತ್ತಿಲ್ಲವಾದ್ದರಿಂದ ದೊಡ್ಡವನ ಕೈ ಅತ್ತಿತ್ತ ಜಾರುವುದಿಲ್ಲ. ದೊಡ್ಡಣ್ಣ ಎರಡು ಹಾಳೆಯಲ್ಲಿ ಎರಡು ಪಾಲು ಬರೆದಿದ್ದ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನೂ ಬಿಡದೆ ಬರೆದಿದ್ದ. ರಸ್ತೆ ಕಡೆಯ ಹೊಲ ಒಂದು ಪಾಲಿಗೆ, ನೀರಿರುವ ತೋಟ ಇನ್ನೊಂದಕ್ಕೆ. ಹಿರಿಯರು ಎರಡನ್ನೂ ಗಟ್ಟಿಯಾಗಿ ಓದಿದರು. ಚಿಕ್ಕಣ್ಣ ರಸ್ತೆ ಕಡೆಯದನ್ನು ಎತ್ತಿದ.

ಆಗ ಅಂಗಳದಿಂದ ದನಿ ಕೇಳಿತು. ತಾತ ಯಾವಾಗ ಬಂದು ನಿಂತಿದ್ದರೋ, ಹೆಗಲ ಮೇಲಿನ ಟವಲು ಕೈಯಲ್ಲಿತ್ತು.

"ಎಲ್ಲಾನೂ ಓದಿದ್ರಿ ಬುದ್ಧಿ. ನನ್ನ ಓದಲಿಲ್ಲ. ನಾನು ಯಾರ ಪಾಲಿಗೆ ಬತ್ತೀನಿ?"

ಕುಹಕವಿಲ್ಲ, ದೂರಿಲ್ಲ. ಅವರು ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದರು. ಪಾಲು ಎಂದರೆ ಅವರಿಗೆ ಗೊತ್ತಿದ್ದದ್ದು ಅದೇ.

ದೊಡ್ಡಣ್ಣ ಎಡವಿದವನಂತೆ, "ಏ, ನೀನು ಇರೋಗಂಟ ಇರು. ಯಾರು ಬ್ಯಾಡ ಅಂದೋರು?" ಎಂದ. ಚಿಕ್ಕಣ್ಣ ಫೋನಿನಿಂದ ತಲೆ ಎತ್ತಿ, "ಆ ಮನೆ ರೋಡಿಗೇ ಐತಲ್ಲ, ಸೈಟ್ ಮಾಡ್ಸೋವಾಗ ತೆಗೀಲೇಬೇಕಾಯ್ತದೆ. ನಿನ್ನ ಹಾರೋಹಳ್ಳಿಗೆ ಕರ್ಕಂಡೋಯ್ತೀನಿ, ನಮ್ಮನೆ ಹಿಂದ್ಗಡೆ ಶೆಡ್ ಐತೆ" ಎಂದ. ಅವನು ಕೆಟ್ಟವನಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ತಾತ ಟವಲನ್ನು ಎರಡು ಸಲ ಮಡಿಸಿದರು. "ಅವಳ್ನೂ ಕರ್ಕಂಡೋಗಾಕಾಯ್ತದಾ ಬುದ್ಧಿ?"

ಅವಳು ಎಂದರೆ ಅವರ ಹೆಂಡತಿ. ಮನೆಯ ಹಿಂದೆ, ಹೊಂಗೆ ಮರದ ಕೆಳಗೆ ಮಣ್ಣು ಮಾಡಿದ್ದರು. ಮಕ್ಕಳಿಲ್ಲದ ಆ ಇಬ್ಬರಿಗೆ ಬೇರೆ ಜಾಗವೇ ಇರಲಿಲ್ಲ.

ಅಷ್ಟು ಹೊತ್ತು ಬಾರದ ನನ್ನ ಕೋಪ ಆಗ ಬಂತು ನೋಡಿ. "ಅಣ್ಣಾ, ಆ ಸೀರೇನ ಅತ್ತಿಗೆಗೆ ಕೊಡು, ನಾನು ಸೈನ್ ಹಾಕಾಕಿಲ್ಲ" ಎಂದೆ. ಹಿರಿಯರು, "ಏನವ್ವ ಇದು, ಹೆಣ್ಣುಮಗಳು ತವರಿಗೆ ಬಂದು..." ಎಂದು ಶುರು ಮಾಡಿದರು. "ನೀವು ಸುಮ್ಕಿರಿ ಯಜಮಾನ್ರೆ" ಎಂದೆ. ಸ್ಕೂಲಿನಲ್ಲಿ ಕೂಗಿ ಕೂಗಿ ಗಟ್ಟಿಯಾದ ಗಂಟಲು, ಬೀದಿಗೆಲ್ಲ ಕೇಳಿಸಿತು. "ಜೀಪು ಬಂದಾಗ ಅಪ್ಪ ಏನಂದಿದ್ದ? ನಮ್ಮನೆ ಮಗ ಇದ್ದಂಗೆ ಅಂದಿರ್ಲಿಲ್ವಾ? ಮಗ ಅಂದ್ಮೇಲೆ ಮಗನ ಪಾಲು ಎಲ್ಲೈತೆ? ತೋರ್ಸು."

"ಮಾತಿಗೆ ಅಂದಿದ್ದು ಕಣಮ್ಮಿ" ಎಂದ ದೊಡ್ಡಣ್ಣ.

"ಆ ಮಾತಲ್ಲೇ ಅಪ್ಪ ಬಚಾವಾಗಿದ್ದು. ನಂಗೆ ಮೂರನೇ ಒಂದು ಪಾಲು ಬ್ಯಾಡ. ಆ ಮೂಲೆ ಹತ್ತು ಗುಂಟೆ ಬರ್ಕೊಡಿ, ಮಿಕ್ಕಿದ್ದೆಲ್ಲ ನಿಮ್ಗೇ. ಇಲ್ಲಾಂದ್ರೆ ಮೂರು ಪಾಲೇ ಆಗ್ಲಿ, ಕೋರ್ಟಲ್ಲಿ ಮಾತಾಡನ."

ಕೋರ್ಟು ಎಂದ ಮೇಲೆ ನನಗೇ ಗಾಬರಿಯಾಯಿತು. ಚಿಕ್ಕಣ್ಣ, "ಅದು ನನ್ನ ಪಾಲಿನ ಮುಖಾನೇ ಕಣೆ, ಅದು ಹೋದ್ರೆ ಉಳಿದದ್ದು ಯಾರು ಕೇಳ್ತಾರೆ?" ಎಂದು ರೇಗಿದ. ತಾತ ತಮ್ಮ ಮನೆಯ ಕಡೆ ನಡೆದರು. ದೊಡ್ಡಣ್ಣ ಎದ್ದು ತೋಟಕ್ಕೆ ಹೋದ. ಒಂದು ಗಂಟೆಯಾದರೂ ಬರಲಿಲ್ಲ. ಅಡುಗೆ ಮನೆಯಲ್ಲಿ ಮುದ್ದೆ ಆರಿತು. ತವರು ಇವತ್ತಿಗೆ ಮುಗಿಯಿತು ಎಂದು ನಾನು ಬ್ಯಾಗು ಹತ್ತಿರ ಎಳೆದುಕೊಂಡು ಕೂತೆ, ಕಣ್ಣು ಬೇರೆ ತುಂಬಿತ್ತು.

ಬಂದವನು ನನ್ನ ಮುಖ ನೋಡಲಿಲ್ಲ. ಪೆನ್ನು ತೆಗೆದುಕೊಂಡು ಹಾಳೆಯ ಮುಂದೆ ಕುಕ್ಕರಗಾಲಲ್ಲಿ ಕೂತ. "ನಂಗೆ ವಾಂತಿಭೇದಿ ಆದಾಗ ತಾತನೇ ಕನಕಪುರದ ಆಸ್ಪತ್ರೆಗಂಟ ಹೊತ್ಕಂಡೋಗಿದ್ದ ಕಣಮ್ಮಿ. ಬಸ್ಸಿರ್ಲಿಲ್ಲ. ದಾರೀಲಿ ನಾನು ಅವನ ಮೈಮೇಲೆಲ್ಲ ಮಾಡ್ಕಂಡೆ, ಏನೂ ಅನ್ನಲಿಲ್ಲ" ಎಂದ. ಆಮೇಲೆ ತನ್ನ ತೋಟದಲ್ಲಿ ಹತ್ತು ಗುಂಟೆ ತಮ್ಮನಿಗೆ ಬಿಟ್ಟು, ಮೂಲೆಯನ್ನು ನನ್ನ ಹೆಸರಿಗೆ ಬರೆದ. ಚಿಕ್ಕಣ್ಣ ಅದಕ್ಕೂ ಗೊಣಗಿದ, ಆದರೆ ಒಪ್ಪಿದ. ಆ ವರ್ಷ ಗೌರಿ ಬಾಗಿನ ದೊಡ್ಡಣ್ಣನಿಂದ ಮಾತ್ರ ಬಂತು.

ಸಾಯಂಕಾಲ ನಾನೇ ಹೋಗಿ ತಾತನಿಗೆ ವಿಷಯ ಹೇಳಿದೆ. ಅವರ ಮುಖ ಸಡಿಲವಾಯಿತು. "ಅಂಗಾರೆ ನಾನು ನಿಮ್ಮ ಪಾಲಿಗೆ ಬಂದೆ ಅನ್ನಿ ಅವ್ವಾರೆ. ಒಳ್ಳೇದಾಯ್ತು" ಎಂದರು.

ನನಗೆ ನಗುವೂ ಬಂತು, ಅಳುವೂ ಬಂತು. "ನೀವು ಯಾರ ಪಾಲಿಗೂ ಬರಾಕಿಲ್ಲ ತಾತ! ಜಾಗ ನಿಮ್ಮ ಪಾಲಿಗೆ ಬತ್ತದೆ. ನಿಮ್ಮ ಹೆಸರಿಗೇ ಬರ್ಕೊಡ್ತೀನಿ" ಎಂದು ಗದರಿದೆ. ಅವರು ಅರ್ಥವಾದಂತೆ ತಲೆಯಾಡಿಸಿದರು. ಅರ್ಥವಾಗಿರಲಿಲ್ಲ ಎಂದು ನನಗೆ ಗೊತ್ತಿತ್ತು.

ಪಾಲಿನ ಪತ್ರ ರಿಜಿಸ್ಟರ್ ಆಗಿ, ಸರ್ವೆಯವರು ಅಳೆದು ನಕ್ಷೆ ಕೊಟ್ಟು, ಎಲ್ಲ ಆಗುವಷ್ಟರಲ್ಲಿ ತಿಂಗಳುಗಳೇ ಹಿಡಿದವು. ಕೊನೆಗೆ ದಾನಪತ್ರ ಬರೆಸಲು ಪತ್ರ ಬರೆಯುವವರ ಅಂಗಡಿಗೆ ತಾತನನ್ನು ಕರೆದುಕೊಂಡು ಹೋದೆ. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ. ಬೆಂಚಿನ ಮೇಲೆ ನನ್ನ ಪಕ್ಕ ಕೂರಲು ಎರಡು ಸಲ ಹೇಳಿಸಿಕೊಂಡರು. ಪತ್ರ ಬರೆಯುವ ಯುವಕ ಆಧಾರ್ ಕಾರ್ಡು ನೋಡಿ ಕಂಪ್ಯೂಟರಿನಲ್ಲಿ ಟೈಪು ಮಾಡಿ, ಸರಿಯಿದೆಯೇ ನೋಡಿ ಎಂದು ಗಟ್ಟಿಯಾಗಿ ಓದತೊಡಗಿದ. ದಾನ ಕೊಡುವವಳ ಹೆಸರು ಬಂತು. ಆಮೇಲೆ ದಾನ ಪಡೆಯುವವರ ಹೆಸರು, ಬಿನ್ ಇಂಥವರು, ಎಂದು ನಮ್ಮಪ್ಪನ ಹೆಸರನ್ನು ಓದಿದ.

ಕಾರ್ಡಿನಲ್ಲಿ ಕೇರ್ ಆಫ್ ಎಂದು ನಮ್ಮಪ್ಪನ ಹೆಸರಿತ್ತು. ಯಾವ ಕಾಲದಲ್ಲೋ ಅಪ್ಪನೇ ಮಾಡಿಸಿಕೊಟ್ಟದ್ದು. ಹುಡುಗ ಅದನ್ನೇ ತಂದೆಯ ಹೆಸರು ಎಂದುಕೊಂಡಿದ್ದ. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಖುಷಿಯಾಯಿತು. ಮಗನ ಪಾಲು ಎಲ್ಲಿ ಎಂದು ಜಗಳವಾಡಿದ್ದೆನಲ್ಲ, ಈಗ ಕಾಗದದಲ್ಲೇ ಮಗನಾದರು ಎನಿಸಿತು. ಬಿಡಪ್ಪ, ಹಾಗೇ ಇರಲಿ ಎನ್ನುವುದರಲ್ಲಿದ್ದೆ.

ತಾತ ಕೈ ಎತ್ತಿದರು. "ಅದು ತಪ್ಪಾಗೈತೆ ಕಣಪ್ಪ."

ನನ್ನ ಜೀವಮಾನದಲ್ಲಿ ಅವರು ಯಾರಿಗಾದರೂ 'ತಪ್ಪು' ಎಂದದ್ದನ್ನು ನಾನು ಕೇಳಿರಲಿಲ್ಲ.

"ಅದು ನಮ್ಮ ಗೌಡ್ರ ಹೆಸರು. ನಮ್ಮಪ್ಪ ಬ್ಯಾರೆ" ಎಂದು, ಅವರ ಅಪ್ಪನ ಹೆಸರು ಹೇಳಿದರು.

ಐವತ್ತು ವರ್ಷಕ್ಕೂ ಮಿಕ್ಕಿ ಅವರ ಹೆಗಲು, ಅವರ ಕತೆ ಎಲ್ಲ ನನ್ನದೆಂದು ತಿಳಿದವಳು ನಾನು. ಆ ಹೆಸರನ್ನು ಅವತ್ತೇ ಮೊದಲು ಕೇಳಿದ್ದು. ಅವರ ಅಪ್ಪ ಯಾರೆಂದು ನಾನು ಒಂದು ದಿನವೂ ಕೇಳಿರಲಿಲ್ಲ. ಮಗ ಮಗ ಎಂದು ಬೀದಿಗೆ ಕೇಳುವಂತೆ ಕೂಗಿದವಳೂ ನಾನೇ. ಅವರ ಕೈಯನ್ನು ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ.

ಹುಡುಗ, "ಕೇರ್ ಆಫ್ ನೋಡಿ ಹಾಕ್ಬುಟ್ಟೆ ತಾತ, ಬೇಜಾರ್ ಮಾಡ್ಕಬ್ಯಾಡಿ" ಎಂದು ಅಳಿಸಿ, ಹೊಸ ಹೆಸರು ಟೈಪು ಮಾಡಿದ.

"ಈಗ ಓದಪ್ಪ" ಎಂದರು ತಾತ. "ಒಸಿ ಜೋರಾಗಿ."

ಹುಡುಗ ಓದಿದ. ಅಪ್ಪನ ಹೆಸರು ಬಂದಾಗ ತಾತ ಎದ್ದು ನಿಂತರು. ನಾನೂ ಎದ್ದು ನಿಂತೆ.