ಒಪ್ಪಿಗೆ ಪತ್ರಕ್ಕೆ ಅತ್ತೆಯ ಹೆಬ್ಬೆಟ್ಟು

ನನ್ನ ಅತ್ತೆಗೆ ಓದು ಬರಹ ಗೊತ್ತಿಲ್ಲ. ಆದರೆ ನಾನು ಓದಿಯೂ ಓದದವಳಂತೆ ಬಿಟ್ಟಿದ್ದ ಒಂದು ಸಾಲನ್ನು ಹಿಡಿದವರು ಅವರೇ. ಮಗಳನ್ನು ಮಸ್ಕತ್‌ಗೆ ಕರೆದುಕೊಂಡು ಹೋಗಲು ಅವಳ ಅಪ್ಪನಿಂದ ಬೇಕಾಗಿದ್ದ ಒಪ್ಪಿಗೆ ಪತ್ರದ ಸಾಲು ಅದು. ಇದನ್ನು ಇಷ್ಟು ದಿನ ಹೊರಗಿನ ಯಾರಿಗೂ ಹೇಳಿಲ್ಲ. ಹೇಳಲು ನಾಚಿಕೆ, ಅಷ್ಟೆ.

ನಾನು ಕೊಳ್ಳೇಗಾಲದಲ್ಲಿ ರವಿಕೆ ಹೊಲಿಯುವವಳು. ತವರು ಹನೂರಿನ ಕಡೆ, ಗಂಡನ ಊರು ಸತ್ತೇಗಾಲ. ಅಲ್ಲಿ ಅವರಿಗೆ ಕಬ್ಬು, ಭತ್ತ, ಒಂದಷ್ಟು ತೆಂಗು ಇದೆ. ಎರಡು ವರ್ಷದ ಹಿಂದೆ ಗಂಡ, "ಅಂಗಡಿ ಮುಚ್ಚು, ಇಲ್ಲಾ ಮನೆ ಬಿಡು" ಅಂದ. ನಾನು ಮನೆ ಬಿಟ್ಟೆ. ಮಗಳಿಗೆ ಆಗ ನಾಲ್ಕು ವರ್ಷ. ಗಂಡನನ್ನು 'ಅವನು' ಎಂದು ಬರೆಯುತ್ತಿರುವುದು ಈ ಕಾಗದದ ಮೇಲೆ ಮಾತ್ರ, ಎದುರಿಗೆ ಇವತ್ತಿಗೂ ಬಹುವಚನವೇ. ಕೋರ್ಟು, ಡೈವೋರ್ಸು ಅಂತ ನಾವಿಬ್ಬರೂ ಹೋಗಲಿಲ್ಲ. ಮಾತು ಬಿಟ್ಟೆವು.

ಅತ್ತೆ ಮಾತ್ರ ಬಿಡಲಿಲ್ಲ. ತಿಂಗಳಿಗೆ ಎರಡು ಸಲವಾದರೂ ಬಸ್ಸು ಹತ್ತಿ ಬರುತ್ತಿದ್ದರು. ಮೊಮ್ಮಗಳ ಕೈಗೆ ಬೆಲ್ಲದುಂಡೆಯೋ ಎಳನೀರೋ ಕೊಟ್ಟು, ಅಂಗಡಿಯ ಸ್ಟೂಲಿನ ಮೇಲೆ ಕೂತು, ರವಿಕೆಗಳಿಗೆ ಹುಕ್ಸು ಹಾಕಿಕೊಡುತ್ತಿದ್ದರು. ಅವರ ಮಗನನ್ನು ನಾನು ಬಾಯಿಗೆ ಬಂದಂತೆ ಬೈದರೂ ದಾರ ಕಚ್ಚಿ ತುಂಡು ಮಾಡಿ ಮುಂದಿನ ಹುಕ್ಸಿಗೆ ಹೋಗುವರು. ಮಗನ ಪರ ಒಂದು ಮಾತಿಲ್ಲ, ನನ್ನ ಪರವೂ ಇಲ್ಲ. ನನಗೆ ಅದೇ ಒಂದು ಸಿಟ್ಟು.

ಹೀಗಿರುವಾಗ ಮಸ್ಕತ್‌ನಿಂದ ತಂಗಿಯ ಫೋನು ಬಂತು. ಅವಳು ಅಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಎರಡು ಸಲ ಬಸಿರು ನಿಲ್ಲದೆ ಹೋಗಿ, ಮೂರನೆಯದು ಏಳು ತಿಂಗಳು ದಾಟಿತ್ತು. ಹಾಸಿಗೆ ಬಿಟ್ಟು ಏಳಬಾರದು ಎಂದು ಡಾಕ್ಟರು ಹೇಳಿದ್ದರು. ಅಮ್ಮ ತೀರಿಕೊಂಡು ವರ್ಷಗಳಾಗಿವೆ. "ಅಕ್ಕ, ನೀ ಬರದಿದ್ರೆ ನಂಗೆ ಯಾರವ್ರೆ" ಎಂದು ಅತ್ತಳು. ನಾನು ಹೋಗಲೇಬೇಕಿತ್ತು. ಆರು ವರ್ಷದ ಮಗಳನ್ನು ಬಿಟ್ಟು ಹೋಗುವಂತಿರಲಿಲ್ಲ.

ಪಾಸ್‌ಪೋರ್ಟಿಗೆ ಕಷ್ಟವಾಗಲಿಲ್ಲ. ಒಂದು ಕಾಲದಲ್ಲಿ ನನ್ನ ಗಂಡನಿಗೇ ಗಲ್ಫಿನ ಹುಚ್ಚು ಹತ್ತಿ ಮೂವರಿಗೂ ಮಾಡಿಸಿದ್ದ. ಹುಚ್ಚು ಇಳಿಯಿತು, ಪಾಸ್‌ಪೋರ್ಟುಗಳು ಉಳಿದವು. ಆದರೆ ಮೈಸೂರಿನ ಟ್ರಾವೆಲ್ಸ್‌ನವನು, "ಮೇಡಂ, ಮಗು ತಾಯಿ ಒಬ್ಬರ ಜೊತೆ ಹೋಗ್ತಿದೆ ಅಂದ್ರೆ ತಂದೆ ಒಪ್ಪಿಗೆ ಬೇಕು. ನೋಟರಿ ಮಾಡಿಸಿ, ಅವರ ಆಧಾರ್ ಜೆರಾಕ್ಸ್ ಜೊತೆ ಕಳಿಸಿ" ಅಂದ. ಎರಡು ವರ್ಷದಿಂದ ಮುಖ ನೋಡದವನ ಸಹಿ ಈಗ ನನಗೆ ಬೇಕಾಯಿತು.

ತಾಲ್ಲೂಕು ಆಫೀಸಿನ ಹತ್ತಿರ ಪತ್ರ ಟೈಪು ಮಾಡಿಕೊಡುವವನೊಬ್ಬನಿದ್ದ. ಅವನ ಜನ್ಮವೆಲ್ಲ ಕ್ರಯಪತ್ರ, ವಿಭಾಗಪತ್ರ, ಅಕ್ಕತಂಗಿಯರಿಂದ ಅಣ್ಣತಮ್ಮಂದಿರು ಬರೆಸಿಕೊಳ್ಳುವ ಹಕ್ಕು ಬಿಡುಗಡೆ ಪತ್ರ, ಇದರಲ್ಲೇ ಕಳೆದಿತ್ತು. ಮಗು ವಿದೇಶಕ್ಕೆ ಹೋಗುವ ಪತ್ರವನ್ನು ಅವನು ಯಾವತ್ತೂ ಬರೆದಿರಲಿಲ್ಲ. ಹಾಗಂತ ಹೇಳುವ ಆಸಾಮಿಯೂ ಅಲ್ಲ. ಹಳೆಯದೊಂದು ಬಿಡುಗಡೆ ಪತ್ರ ತೆಗೆದು, 'ಜಮೀನು' ಇದ್ದಲ್ಲೆಲ್ಲ 'ಮಗು' ಎಂದು ಹಾಕಿ, ಛಾಪಾ ಕಾಗದದ ಮೇಲೆ ಪ್ರಿಂಟು ಹೊಡೆದುಕೊಟ್ಟ.

ಅಂಗಡಿಗೆ ಬಂದು ಓದಿದೆ. 'ಸದರಿ ಮಗು' ಎಂದು ಓದಿದಾಗ ನಗು ಬಂತು. ನನ್ನ ಮಗಳಿಗೆ ಪೂರ್ವಕ್ಕೆ ಯಾರ ಗದ್ದೆ, ಪಶ್ಚಿಮಕ್ಕೆ ಯಾವ ಕಾಲುವೆ ಎಂದೊಂದು ಬರೆಯಲಿಲ್ಲವಲ್ಲ ಪುಣ್ಯಾತ್ಮ ಅಂದುಕೊಂಡೆ. ಕೊನೆಯ ಸಾಲಿಗೆ ಬಂದೆ. 'ಇನ್ನು ಮುಂದೆ ಸದರಿ ಮಗುವಿನ ಮೇಲೆ ನನಗಾಗಲೀ ನನ್ನ ವಾರಸುದಾರರಿಗಾಗಲೀ ಯಾವುದೇ ಹಕ್ಕು ಇರುವುದಿಲ್ಲ, ಯಾವುದೇ ತಂಟೆ ತಕರಾರು ಮಾಡುವುದಿಲ್ಲ.'

ಇದು ತಪ್ಪು ಎಂದು ನನಗೆ ಆಗಲೇ ಗೊತ್ತಾಯಿತು. ಟೈಪು ಮಾಡುವವನ ಅಂಗಡಿ ದೂರವೇನೂ ಇರಲಿಲ್ಲ. ಆ ಕ್ಷಣವೇ ಹೋಗಿ ತಿದ್ದಿಸಬಹುದಿತ್ತು. ನಾನು ಕಾಗದವನ್ನು ಎರಡು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡೆ. ಗ್ಯಾಸ್ ಕನೆಕ್ಷನ್ನಿನ ಫಾರಮ್ಮಿಗೂ ಓದದೆ ಸಹಿ ಜಡಿದವನು ನನ್ನ ಗಂಡ. ಹಾಕಲಿ ಸಹಿ, ಅವನಿಗೆ ಹೀಗೇ ಆಗಬೇಕು ಅನ್ನಿಸಿತು. ಬಹಳ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ.

ಅತ್ತೆಗೆ ಫೋನು ಮಾಡಿ ವಿಷಯ ಹೇಳಿದೆ. ಒಂದು ವಾರ ಬಿಟ್ಟು ಅವರೇ ಮಾಡಿದರು. "ಒಪ್ಸಿವ್ನಿ. ಕೊಳ್ಳೇಗಾಲ್ದಲ್ಲಿ ಬ್ಯಾಡ ಅಂತಾನೆ, ಎಲ್ಲ ಗುರ್ತಿನವ್ರಂತೆ. ಯಳಂದೂರ್ಗೆ ಬಾ ಸೋಮಾರ."

ಯಳಂದೂರಿನ ನೋಟರಿ ವಯಸ್ಸಾದ ವಕೀಲರು. ಚಿಕ್ಕ ಕೋಣೆ, ಒಂದು ಮೇಜು, ಒಂದು ಕಂಪ್ಯೂಟರು. ಗಂಡ ಬೈಕಿನಲ್ಲಿ ಅತ್ತೆಯನ್ನು ಕೂರಿಸಿಕೊಂಡು ಬಂದ. ಮಗಳನ್ನು ನೋಡಿ, "ಎಷ್ಟುದ್ದ ಆಗ್ಬುಟ್ಟೆ ಕೂಸೆ" ಅಂದ. ನನ್ನ ಕಡೆ ತಿರುಗಲಿಲ್ಲ. ನಾನು ಯಾರನ್ನೂ ನೋಡದೆ ಕಾಗದ ತೆಗೆದು ಮೇಜಿನ ಮೇಲಿಟ್ಟೆ. ನಾನು ಅಂದುಕೊಂಡ ಹಾಗೆಯೇ ಅವನು ಓದದೆ ಪೆನ್ನಿಗೆ ಕೈ ಹಾಕಿದ.

"ತಡ್ಕಳ್ಲಾ" ಅಂದರು ಅತ್ತೆ. "ಸಾ, ಒಂದ್ಸಲ ಓದ್ಬುಡಿ."

"ಅಜ್ಜಿ, ಸಹಿ ಹಾಕೋರು ಅವರು. ಅವರಿಗೆ ಓದಕ್ಕೆ ಬರುತ್ತಲ್ಲ" ಅಂದರು ವಕೀಲರು.

"ಬಂದ್ರೆ ಬರ್ಲಿ ಸಾ. ನಂಗೆ ಬರಕಿಲ್ವಲ್ಲ, ನಂಗೋಸ್ಕರ ಓದಿ."

ಹೆಬ್ಬೆಟ್ಟು ಒತ್ತುವವರ ರಿವಾಜು ಅದು. ಓದಿಸಿ ಕೇಳದೆ ಬೆರಳು ಮುಂದೆ ಮಾಡುವುದಿಲ್ಲ. ವಕೀಲರು ಗಡಗಡ ಓದತೊಡಗಿದರು. ಕೊನೆಯ ಸಾಲಿಗೆ ಬಂದಾಗ ಅವರೇ ನಿಧಾನವಾದರು. ಓದಿ ಮುಗಿಸಿ ಕನ್ನಡಕ ತೆಗೆದು ನನ್ನನ್ನು ನೋಡಿದರು.

ಗಂಡ ಪೆನ್ನು ಕೆಳಗಿಟ್ಟ. "ಇದ್ಕಾ ನನ್ನ ಇಲ್ಲಿಗಂಟ ಕರ್ಸಿದ್ದು? ಮೊಗೀನ ಬರಸ್ಕಂಡು ಓಗಕೆ?" ಅಂದ. ಅವನ ದನಿ ಏರಲಿಲ್ಲ. ಏರಿದ್ದರೆ ನನಗೆ ಜಗಳವಾಡಲು ಸುಲಭವಾಗುತ್ತಿತ್ತು.

"ಟೈಪ್ ಮಾಡೋನು ತಪ್ಪು ಮಾಡವ್ನೆ" ಅಂದೆ. ಮಾತು ನಿಜವೇ. ಆದರೂ ಕಿವಿ ಬಿಸಿಯಾಯಿತು.

ಅತ್ತೆ ನನ್ನನ್ನೇ ನೋಡಿದರು. ಈಗ ಬೈಯುತ್ತಾರೆ ಅಂದುಕೊಂಡೆ. ಅವರು ವಕೀಲರ ಕಡೆ ತಿರುಗಿ, "ಆ ಸಾಲು ಬ್ಯಾಡ ಸಾ. ಬ್ಯಾರೆ ಬರೀರಿ. ಯಾವತ್ತು ಓಯ್ತಾರೆ, ಯಾವತ್ತು ಬತ್ತಾರೆ, ಯಾರ ಮನೇಲಿ ಇರ್ತಾರೆ, ಆ ಮನೆ ಪೋನ್ ನಂಬ್ರ ಏನು, ಎಲ್ಲಾನೂ ಬರೀರಿ. ಬತ್ತಾರೆ ಅನ್ನೋದ್ನೇ ಬರ್ದಿಲ್ವಲ್ಲ ಅದ್ರಲ್ಲಿ" ಅಂದರು.

ವಕೀಲರು ನಕ್ಕರು. "ಇಂಥ ಪತ್ರದಲ್ಲಿ ಇರಬೇಕಾದ್ದೇ ಅದು ಅಜ್ಜಿ" ಎಂದು, ಕಂಪ್ಯೂಟರಿನಲ್ಲಿ ತಾವೇ ಹೊಸದು ಟೈಪು ಮಾಡಿದರು. ಹೊಸ ಛಾಪಾ ಕಾಗದ ತರಿಸಿದರು. ಎರಡೂವರೆ ತಿಂಗಳು ಎಂದು ನಾನು ಲೆಕ್ಕ ಹಾಕಿ, ಹಿಂದಿರುಗುವ ತಾರೀಕು ಹೇಳಿದೆ. ಅತ್ತೆ ಆ ತಾರೀಕನ್ನು ಎರಡು ಸಲ ಹೇಳಿಸಿಕೊಂಡು, ಯಾವ ವಾರ ಬೀಳುತ್ತದೆ ಎಂದೂ ಕೇಳಿದರು.

ಅಷ್ಟಾದರೂ ಗಂಡ ಪೆನ್ನು ಮುಟ್ಟಲಿಲ್ಲ. "ವಾಪಸ್ ಬರ್ನಿಲ್ಲ ಅಂದ್ರೆ? ಅಲ್ಲೇ ಮಿಷನ್ ಆಕ್ಕಂಡು ಕೂತ್ಕಂಡ್ರೆ ನಾನೇನ್ ಮಾಡ್ಲವ್ವ? ಬಸ್ಸತ್ಕಂಡು ಓಗಕಾದದ?"

"ಬತ್ತಾಳೆ ಕಣ್ಲಾ. ಬರ್ನಿಲ್ಲ ಅಂದ್ರೆ ನನ್ನ ಕೇಳು." ಅತ್ತೆ ಮೇಜಿನ ಮೇಲಿದ್ದ ಮಸಿಯ ಪ್ಯಾಡನ್ನು ತಾವೇ ಹತ್ತಿರ ಎಳೆದುಕೊಂಡರು. "ಸಾ, ನಂದೂ ಆಕಸ್ಕಳಿ."

"ಅಜ್ಜಿ ಒಪ್ಪಿಗೆ ಕಾನೂನಲ್ಲಿ ಬೇಕಿಲ್ಲಮ್ಮ."

"ಕಾನೂನ್ಗೆ ಬ್ಯಾಡ್ದೆ ಇದ್ರೆ ಇವ್ನಿಗೆ ಬೇಕು. ಸಾಕ್ಷಿ ಅಂತ ಆಕಸ್ಕಳಿ."

ಹೆಬ್ಬೆಟ್ಟನ್ನು ಒತ್ತಿದರು. ಮಸಿಯನ್ನು ತಲೆಗೂದಲಿಗೆ ಉಜ್ಜಿಕೊಂಡು, "ನಂದಾಯ್ತು. ಈಗ ನಿಂದು" ಅಂದರು ಮಗನಿಗೆ. ಅವನು ಕಾಗದ ಎಳೆದುಕೊಂಡು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಪೂರ್ತಿ ಓದಿದ. ಅವನು ಒಂದು ಕಾಗದವನ್ನು ಹಾಗೆ ಓದಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಸಹಿ ಹಾಕಿದ. ಆಧಾರ್ ಜೆರಾಕ್ಸನ್ನು ಬರುವಾಗಲೇ ಜೇಬಿನಲ್ಲಿಟ್ಟುಕೊಂಡು ಬಂದಿದ್ದ.

ವೀಸಾ ಬಂತು. ಬೆಂಗಳೂರಿನ ಏರ್‌ಪೋರ್ಟಿನಲ್ಲಿ ಪಾಸ್‌ಪೋರ್ಟು ನೋಡುವವನು ಪತ್ರವನ್ನು ಹಿಂದೆ ಮುಂದೆ ತಿರುವಿ ನೋಡಿ, "ಈ ಹೆಬ್ಬೆಟ್ಟು ಯಾರದು?" ಎಂದು ಕೇಳಿದ. ನನ್ನ ಮಗಳು, "ನಮ್ಮಜ್ಜಿದು" ಅಂದಳು. ಅವನು ಸೀಲು ಹೊಡೆದ.

ಮಸ್ಕತ್‌ನಲ್ಲಿ ತಂಗಿಗೆ ಹೆಣ್ಣು ಮಗುವಾಯಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ನಾನು ಬಾಣಂತನ ಮಾಡುತ್ತ, ಬಿಡುವಿದ್ದಾಗ ಪಕ್ಕದ ಫ್ಲ್ಯಾಟಿನ ಕೇರಳದ ಹೆಂಗಸಿಗೆ ಎರಡು ರವಿಕೆ ಹೊಲಿದುಕೊಟ್ಟೆ. ಆಕೆ ಮನೆಯಲ್ಲೇ ನಾಲ್ಕು ಮಿಷನ್ ಇಟ್ಟುಕೊಂಡು ಹೊಲಿಸುತ್ತಿದ್ದಳು. ನನ್ನ ಹೊಲಿಗೆಯನ್ನು ಒಳಗೆ ಹೊರಗೆ ತಿರುವಿ ನೋಡಿ, ಇಲ್ಲೇ ಕೆಲಸಕ್ಕೆ ಬಾ, ಕಾಗದಪತ್ರ ನಾನು ನೋಡಿಕೊಳ್ಳುತ್ತೇನೆ ಅಂದಳು. ತಂಗಿಗೆ ಹಿಡಿಸಲಾರದಷ್ಟು ಖುಷಿ. "ಇಲ್ಲೇ ಇದ್ಬುಡು ಅಕ್ಕ. ನಿನ್ ಮಗಳ್ನ ಇಲ್ಲೇ ಸ್ಕೂಲಿಗೆ ಸೇರ್ಸಣ. ಭಾವ ಬಂದು ಏನ್ ಮಾಡಕಾಯ್ತದೆ?"

ಗಂಡ ಹೆದರಿದ್ದು ಯಾವುದಕ್ಕೋ ಅದೇ ನನ್ನ ಕಾಲ ಬುಡಕ್ಕೆ ಬಂದು ನಿಂತಿತ್ತು. ಮೂರು ದಿನ ಯೋಚಿಸಿದೆ. ಬೇಡ ಎಂದು ಯೋಚಿಸಲಿಲ್ಲ, ಹೇಗೆ ಎಂದೇ ಯೋಚಿಸಿದೆ. ಪಾಸ್‌ಪೋರ್ಟು ಹುಡುಕಲು ಸೂಟ್‌ಕೇಸು ತೆಗೆದಾಗ ಪತ್ರದ ಜೆರಾಕ್ಸು ಸಿಕ್ಕಿತು. ಕೆಳಗೆ ಅತ್ತೆಯ ಹೆಬ್ಬೆಟ್ಟು. ಕಬ್ಬಿನ ಸೋಗೆ ಕುಯ್ದು ಆದ ಹಳೆಯ ಗಾಯವೊಂದು ಗೆರೆಗಳ ನಡುವೆ ಅಡ್ಡಕ್ಕೆ ಬಿಳಿಯಾಗಿ ಮೂಡಿತ್ತು. ಆ ಸೋಮವಾರ ಅವರು ಯಾರನ್ನು ನಂಬಿ ಯಾವ ಮಾತು ಕೊಟ್ಟಿದ್ದರು ಎಂಬುದು ಕಣ್ಣಿಗೆ ಕಟ್ಟಿತು. ತಂಗಿ ಅತ್ತಳು, ನನಗೂ ಅಳು ಬಂತು. ಟಿಕೆಟ್ಟಿನ ತಾರೀಕು ಬದಲಾಗಲಿಲ್ಲ.

ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಮಧ್ಯಾಹ್ನ ಮೂರು ದಾಟಿತ್ತು. ಕಲ್ಲುಬೆಂಚಿನ ಮೇಲೆ ಅತ್ತೆ ಕೂತಿದ್ದರು. ನಾನು ಬರುವ ಹೊತ್ತು ಅವರಿಗೆ ಹೇಳಿರಲಿಲ್ಲ. ತಾರೀಕೊಂದೇ ಅವರಿಗೆ ಗೊತ್ತಿದ್ದದ್ದು. ಬೆಳಿಗ್ಗೆ ಮೊದಲ ಬಸ್ಸಿಗೇ ಬಂದು ಕೂತಿದ್ದಾರೆ. ಮಗಳು ಓಡಿ ಹೋಗಿ ಅವರ ಸೊಂಟ ಹಿಡಿದುಕೊಂಡಳು.

ನನಗೆ ತಡೆಯಲಾಗಲಿಲ್ಲ. ಅಲ್ಲೇ ಪಕ್ಕದಲ್ಲಿ ಕೂತು, "ಅತ್ತೆ, ಆ ಸಾಲನ್ನ ನಾನು ಮೊದ್ಲೇ ಓದಿದ್ದೆ. ಬೇಕಂತಲೇ ಬಿಟ್ಟಿದ್ದೆ" ಅಂದೆ.

"ಗೊತ್ತಿತ್ತು ಕಣವ್ವ. ಕಾಗ್ದ ಮಡಗೋವಾಗ ನನ್ ಮಖ ನೋಡ್ನಿಲ್ಲ ನೀನು. ಅದ್ಕೇ ಓದಿ ಅಂದದ್ದು."

"ಗೊತ್ತಿದ್ದೂ ಹೆಬ್ಬೆಟ್ಟು ಒತ್ತಿದ್ರಾ?"

ಅವರು ಮೊಮ್ಮಗಳ ಕೆದರಿದ ಕೂದಲು ನೇವರಿಸುತ್ತ ಕೂತರು. "ನಿನ್ ಗಂಡ ಕೈಗೂಸಾಗಿದ್ದಾಗ ಪಾಲಾರ್ ತಾವು ನನ್ ತವರ್ನಲ್ಲಿ ನಮ್ಮವ್ವ ಕಾಯ್ಲೆ ಬಿದ್ದಿದ್ಲು. ನೋಡ್ಕಂಡು ಬತ್ತೀನಿ ಅಂದ್ರೆ ನಿಮ್ಮಾವ ಒಪ್ನಿಲ್ಲ. ತವರಿಗೆ ಓದೋಳು ತಿರ್ಗಾ ಬರಕಿಲ್ಲ, ಓಗಂಗಿದ್ರೆ ಮೊಗೀನ ಬುಟ್ಟು ಓಗು ಅಂದ್ರು. ನಾನು ಎತ್ಕಂಡೇ ಬಂದು ಇದೇ ಬಸ್‌ಸ್ಟ್ಯಾಂಡಲ್ಲಿ ಸಂಜೆಗಂಟ ಕೂತಿದ್ದೆ. ಧೈರ್ಯ ಬರ್ನಿಲ್ಲ, ವಾಪಸ್ ಓದೆ. ನಮ್ಮವ್ವನ್ನ ಆಮೇಲೆ ನೋಡ್ನೇ ಇಲ್ಲ."

ಮೊಮ್ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತ, "ಬತ್ತಾಳೆ ಕಳ್ಸಿ ಅನ್ನೋರು ಒಬ್ರೂ ಇರ್ನಿಲ್ಲ ಕಣವ್ವ ನಂಗೆ" ಅಂದರು.

ಸತ್ತೇಗಾಲದ ಬಸ್ಸು ಬಂದು ನಿಂತಿತು. ನಾನು ಅಂಗಡಿಯ ದಾರಿ ಹಿಡಿಯಲಿಲ್ಲ. ಮಗಳನ್ನು ಅವಳ ಅಪ್ಪನಿಗೆ ತೋರಿಸಿಕೊಂಡು ಬರೋಣ ಎಂದು, ಸೂಟ್‌ಕೇಸು ಎತ್ತಿಕೊಂಡು ಅತ್ತೆಯ ಹಿಂದೆ ಬಸ್ಸು ಹತ್ತಿದೆ.